ಆ ಕಡೆ ಯಾರೂ ಇಲ್ಲದ ಫೋನ್ ಮಾಡುವುದು ಹೇಗೆ?

ಮುಂಬಯಿಯ ಮಾಟುಂಗದಲ್ಲಿರುವ ನಮ್ಮ ಕನ್ನಡ ಸಂಘದ ಮೆಟ್ಟಿಲ ಕೆಳಗೆ ಒಂದು ಕಪ್ಪು ಡಯಲ್ ಫೋನ್ ಇದೆ. ಲೈನ್ ಇಲ್ಲ. ರಿಸೀವರ್ ಎತ್ತಿದರೆ ಹಂಚಿನ ಮೇಲೆ ಮಳೆ ಬೀಳುವ ಸದ್ದು ಕೇಳುತ್ತದೆ. ತೀರಿಹೋದವರ ಜೊತೆ ಮಾತಾಡಬೇಕು ಅನಿಸಿದವರು ಬಂದು ಮಾತಾಡಿ ಹೋಗುತ್ತಾರೆ. ಅಪ್ಪ ತೀರಿಕೊಂಡ ವರ್ಷ ನಾನು ಇದನ್ನು ಮಾಡಿದೆ.

ಯೋಚನೆ ಮಾತ್ರ ನನ್ನದಲ್ಲ. ಜಪಾನಿನ ಓತ್ಸುಚಿಯಲ್ಲಿ ಇತಾರು ಸಸಾಕಿ ಅನ್ನುವವರು 2010ರಲ್ಲಿ ತಮ್ಮ ತೋಟದಲ್ಲಿ ಲೈನ್ ಇಲ್ಲದ ಫೋನ್ ಇಟ್ಟರು. ತೀರಿಹೋದ ಸೋದರಸಂಬಂಧಿಯ ಜೊತೆ ಮಾತಾಡಲು. ಮರುವರ್ಷ ಸುನಾಮಿ ಬಂತು. ಮನೆಯವರನ್ನು ಕಳೆದುಕೊಂಡ ಎಷ್ಟೋ ಜನ ಅಲ್ಲಿಗೆ ಬರತೊಡಗಿದರು.

ಮೊದಲು ಜಾಗ ನೋಡಿ. ಮುಂಬಯಿಯಲ್ಲಿ ಒಬ್ಬರೇ ಕೂತು ಅಳಲು ಜಾಗವೇ ಇಲ್ಲ ಅಲ್ವಾ? ಹಾಗಂತ ಕತ್ತಲೆ ಮೂಲೆ ಬೇಡ, ಹೆಂಗಸರು ಹೋಗುವುದಿಲ್ಲ. ಬೆನ್ನಿಗೆ ಗೋಡೆ ಇರಲಿ, ಓಡಾಡುವವರಿಗೆ ಮುಖ ಕಾಣದಿರಲಿ. ಕೈ ಊರಿ ಏಳಬಹುದಾದ ಕುರ್ಚಿ ಹಾಕಿ.

ಫೋನ್ ಚೋರ್ ಬಜಾರಿನಲ್ಲಿ ಸಿಗುತ್ತದೆ. ತೂಕದ್ದನ್ನೇ ಆರಿಸಿ, ಕೈಗೆ ಅದು ಗೊತ್ತಾಗುತ್ತದೆ. ಒಳಗೆ ಆರ್ಡುಯಿನೋ ನ್ಯಾನೋ (ನಾವು ಬರೆದ ಪ್ರೋಗ್ರಾಮಿನಂತೆ ನಡೆಯುವ ಪುಟ್ಟ ಬೋರ್ಡ್), ಡಿಎಫ್‌ಪ್ಲೇಯರ್ ಮಿನಿ (ಮೆಮೊರಿ ಕಾರ್ಡಿನಲ್ಲಿರುವ ಸದ್ದನ್ನು ನುಡಿಸುವ ಬೋರ್ಡ್), ಕಿವಿಯ ಕಡೆ 8 ಓಮ್‌ನ ಸಣ್ಣ ಸ್ಪೀಕರ್. 5 ವೋಲ್ಟಿನ ಮೊಬೈಲ್ ಚಾರ್ಜರ್ ಸಾಕು. ರಿಸೀವರ್ ಇಡುವ ಕೊಕ್ಕೆಯ ಕೆಳಗಿರುವುದೇ ಹುಕ್ ಸ್ವಿಚ್, ಅದನ್ನು ನೋಡಿಯೇ ಆರ್ಡುಯಿನೋ ಸದ್ದು ಶುರುಮಾಡುತ್ತದೆ. ರಿಸೀವರ್ ಎತ್ತಿದಾಗ ಅದು ಸೇರುತ್ತದೋ ಬಿಡುತ್ತದೋ, ಮಲ್ಟಿಮೀಟರ್ ಹಿಡಿದು ನೋಡಿಕೊಳ್ಳಿ. ಪ್ಲೇಯರಿನ ಆರ್‌ಎಕ್ಸ್ (ಆರ್ಡುಯಿನೋದ ಆಜ್ಞೆ ಬರುವ) ತಂತಿಗೆ 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ಇಲ್ಲದಿದ್ದರೆ ಸ್ಪೀಕರ್ ಗುರ್ರೆನ್ನಬಹುದು.

ಸದ್ದಿನ ವಿಷಯದಲ್ಲಿ ನಾನು ಎಡವಿದೆ. "ಹೇಳಿ, ಕೇಳ್ತಾ ಇದ್ದೇನೆ" ಎಂದು ನನ್ನದೇ ದನಿ ಹಾಕಿದ್ದೆ. ಪಕ್ಕದ ಬಿಲ್ಡಿಂಗಿನ ಅಜ್ಜಿಯೊಬ್ಬರು ರಿಸೀವರ್ ಎತ್ತಿದವರೇ ಇಟ್ಟುಬಿಟ್ಟರು. "ಇದು ಅವರ ದನಿ ಅಲ್ಲ ಮಗಾ" ಅಂದರು. ಅವತ್ತೇ ತೆಗೆದೆ. ಕಾರ್ಕಳದ ಮನೆಯ ಜಗಲಿಯಲ್ಲಿ ಕೂತು ಮಳೆ ರೆಕಾರ್ಡ್ ಮಾಡಿ ತಂದೆ.

ಅಜ್ಜಿ ಮತ್ತೆ ಬಂದರು. ಹಳೇ ಏಳು ಅಂಕಿಯ ನಂಬರನ್ನು ಒಂದೊಂದಾಗಿ ತಿರುಗಿಸಿದರು. ಪ್ರತಿ ಸಲ ಡಯಲ್ ಕಟಕಟ ಅಂತ ವಾಪಸು ಬರುವವರೆಗೂ ಬೆರಳು ಎತ್ತಿ ಹಿಡಿದು ಕಾದರು. ಏಳನೆಯದು ಮುಗಿದಾಗ ಸೆರಗು ಸರಿಮಾಡಿಕೊಂಡರು. ನಾನು ಹೊರಗೆ ಹೋದೆ. ಡಯಲಿಗೂ ಒಳಗಿನ ಬೋರ್ಡಿಗೂ ಸಂಬಂಧವೇ ಇಲ್ಲ, ಆದರೂ ಅದು ತಿರುಗಲೇಬೇಕು. ದಯವಿಟ್ಟು ಅದರ ಬದಲು ಸ್ಕ್ರೀನ್ ಹಾಕಬೇಡಿ.

ಬಾಯಿಯ ಕಡೆಯ ಮೈಕ್ ಕಿತ್ತು, ಪಕ್ಕದಲ್ಲೇ ಗಾಜಿನ ಡಬ್ಬಿಯಲ್ಲಿಡಿ. "ಇಲ್ಲಿ ಏನೂ ರೆಕಾರ್ಡ್ ಆಗುವುದಿಲ್ಲ" ಎಂದು ಕನ್ನಡ, ಮರಾಠಿ, ಹಿಂದಿಯಲ್ಲಿ ಬರೆಯಿರಿ. ಕೆಳಗೆ 14416 ಇರಲಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಕೆಲವರಿಗೆ ಆ ಕಡೆಯಿಂದ ಉತ್ತರ ಕೊಡುವವರೇ ಬೇಕಿರುತ್ತದೆ.

ಮಳೆಗಾಲದಲ್ಲಿ ಹುಕ್ ಸ್ವಿಚ್ಚಿನ ಪಟ್ಟಿಗೆ ಕಿಲುಬು ಹಿಡಿಯುತ್ತದೆ, ಆಗಾಗ ಒರೆಸಿ. ಡಯಲಿಗೆ ಮಾತ್ರ ಅಡುಗೆ ಎಣ್ಣೆ ಬಿಡಬೇಡಿ. ಧೂಳು ಅಂಟಿ, ಅರ್ಧಕ್ಕೇ ನಿಂತುಬಿಡುತ್ತದೆ.