42ರ ಪ್ರಾಯಕ್ಕೆ ಸ್ಕಾಲರ್‌ಶಿಪ್: ನನ್ನ ಅನುಭವ

ಮೊನ್ನೆ ಎರಡನೇ ಕಂತೂ ಖಾತೆಗೆ ಬಿತ್ತು. ಇನ್ನು ಬರೆಯಲಿಕ್ಕೆ ಹೆದರಿಕೆ ಇಲ್ಲ. "ಈ ಪ್ರಾಯದಲ್ಲಿ ನಿಮಗೆ ಯಾರು ದುಡ್ಡು ಕೊಡ್ತಾರೆ ಅಕ್ಕಾ" ಎಂದು ನಕ್ಕಿದ್ದ ಸೈಬರಿನ ಹುಡುಗನಿಗೆ ಮೆಸೇಜು ತೋರಿಸಿಯೇ ಬಂದೆ.

ನಾನು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಎ. ಸೇರಿದ ವರ್ಷವೇ ಮಗಳು ಬಿ.ಕಾಂ. ಸೇರಿದಳು. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ವಯಸ್ಸಿನ ಮಿತಿ ಇಲ್ಲ. ಮನೆಯ ಆದಾಯ ವರ್ಷಕ್ಕೆ 2.5 ಲಕ್ಷ ದಾಟಬಾರದು, ಅಷ್ಟೇ. ಬೀಡಿ ಕಟ್ಟುವವರ ಮನೆಯಲ್ಲಿ ಅದು ದಾಟುವ ಭಯ ಎಂತದ್ದು!

ಎಸ್‌ಎಸ್‌ಪಿಯಲ್ಲಿ, ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲಿನಲ್ಲಿ, ಅರ್ಜಿ ಹಾಕುವುದು ನಿಮಗೆಲ್ಲ ಗೊತ್ತೇ ಉಂಟು. ನಾನು ಮುಗ್ಗರಿಸಿದ್ದು ಹೆಸರಿನಲ್ಲಿ. ಮಾರ್ಕ್ಸ್‌ಕಾರ್ಡಲ್ಲಿ ತಂದೆಯ ಇನಿಷಿಯಲ್, ಆಧಾರದಲ್ಲಿ ಗಂಡನದ್ದು. ಜಾತಿ ಪ್ರಮಾಣಪತ್ರ ತಂದೆಯ ಕಡೆಯಿಂದ, ಆದಾಯದ್ದು ಗಂಡನ ಮನೆಯಿಂದ, ಹಾಗಾಗಿ ಎರಡು ಆರ್‌ಡಿ ನಂಬರಿಗೆ (ಪ್ರಮಾಣಪತ್ರದ ಮೇಲಿನ ಸಂಖ್ಯೆ) ಎರಡು ನಾಡಕಚೇರಿ. ಆಧಾರವನ್ನೇ ಮಾರ್ಕ್ಸ್‌ಕಾರ್ಡಿನ ಹಾಗೆ ತಿದ್ದಿಸಿದ ಮೇಲೆ ದಾರಿ ಸರಿಯಾಯಿತು. ಆ ವರ್ಷ ಬಸ್ಸು, ಝೆರಾಕ್ಸ್, ಅಫಿಡವಿಟ್ಟು, ಕಟ್ಟದೆ ಉಳಿದ ಬೀಡಿ ಎಲ್ಲ ಸೇರಿ ಮೂರು ಸಾವಿರದಷ್ಟು ಕೈಬಿಟ್ಟಿತು.

ಅರ್ಜಿ ಮಂಜೂರಾಯಿತು, ಹಣ ಮಾತ್ರ ಇಲ್ಲ. ನಾನು ಕೊಟ್ಟ ಪಾಸ್‌ಬುಕ್ಕಿಗೆ ಬರುತ್ತದೆ ಎಂದುಕೊಂಡಿದ್ದೆ. ಅದು ಹೋಗುವುದು ಆಧಾರಕ್ಕೆ ಕೊನೆಗೆ ಜೋಡಿಸಿದ ಖಾತೆಗೆ; ನನ್ನದು ಜೋಡಿಸಿದ್ದು ವರ್ಷಗಟ್ಟಲೆ ಮುಟ್ಟದ, ನಿಷ್ಕ್ರಿಯವಾದ ಖಾತೆಗೆ. ಪೋಸ್ಟಾಫೀಸಿನ ಪೇಮೆಂಟ್ಸ್ ಬ್ಯಾಂಕಲ್ಲಿ ಹೊಸತು ತೆರೆಯಲು ಹೋದರೆ ಯಂತ್ರ ಬೆರಳು ಹಿಡಿಯಲೇ ಇಲ್ಲ. ಇಪ್ಪತ್ತು ವರ್ಷ ಬೀಡಿ ಎಲೆ ಸುತ್ತಿ ಹೆಬ್ಬೆರಳ ಗೆರೆ ಸವೆದು ನುಣ್ಣಗಾಗಿದೆ. ಹತ್ತೂ ಬೆರಳು ಒತ್ತಿಸಿ ಪೋಸ್ಟ್‌ಮ್ಯಾನ್ ಅಣ್ಣ ಕೈಚೆಲ್ಲಿದರು. ಮೂರನೇ ಸಲ ಎಡಗೈ ಉಂಗುರ ಬೆರಳು ಹಿಡಿಯಿತು. ಹಿಂದಿನ ರಾತ್ರಿ ಅದಕ್ಕೆ ಎಂತ ಹಚ್ಚಿದ್ದೆ ಎಂದು ಇಲ್ಲಿ ಬರೆಯುವುದಿಲ್ಲ, ಬೇಕಾದವರು ಮನೆಗೆ ಬನ್ನಿ.

ಅದರ ಬೆನ್ನಿಗೆ ಗೃಹಲಕ್ಷ್ಮಿಯ 2,000 ನಿಂತಿತು ಎಂದು ಎರಡು ತಿಂಗಳು ಸರ್ಕಾರಕ್ಕೆ ಬೈದೆ. ಅದೂ ಇದೇ ಹೊಸ ಖಾತೆಯಲ್ಲಿ ಸುಮ್ಮನೆ ಕೂತಿತ್ತು.

ಮೊದಲ ಕಂತು ಕಂಡಾಗ "ಇಷ್ಟೇಯಾ" ಅನಿಸಿತು. ನೂರರಲ್ಲಿ ರಾಜ್ಯದ 40 ಪಾಲು ಮೊದಲು, ಕೇಂದ್ರದ 60 ಆಮೇಲೆ ಬೇರೆಯೇ ಬರುತ್ತದೆ. ನಡುವೆ ನಾಲ್ಕೈದು ತಿಂಗಳು ಹೋಯಿತು ಎಂದು ನೆನಪು.

ಮಗಳ ವಿಷಯದಲ್ಲಿ ಅತಿ ಬುದ್ಧಿ ಓಡಿಸಿ ಕೆಟ್ಟೆ. ನನ್ನ ಬೀಡಿ ಕಾರ್ಮಿಕರ ಕಾರ್ಡಿನ ಮೇಲೆ ಎನ್‌ಎಸ್‌ಪಿಯಲ್ಲಿ (ಕೇಂದ್ರದ ಸ್ಕಾಲರ್‌ಶಿಪ್ ಪೋರ್ಟಲ್) ಬೀಡಿ ಕಾರ್ಮಿಕರ ಮಕ್ಕಳ ಸ್ಕಾಲರ್‌ಶಿಪ್ಪಿಗೂ ಹಾಕಿಸಿದೆ. ಪದವಿಗೆ ವರ್ಷಕ್ಕೆ 6,000, ವೃತ್ತಿಪರ ಕೋರ್ಸಾದರೆ 25,000. ಎರಡೆರಡು ಕಡೆ ತಿನ್ನಲು ಬಿಡುವುದಿಲ್ಲ ಮಾರಾಯ್ರೆ. ಅದು ತಿರಸ್ಕೃತವಾಯಿತು, ಎಸ್‌ಎಸ್‌ಪಿಯಲ್ಲಿ ಹಾಕಿದ್ದರ ಪರಿಶೀಲನೆಯೂ ತಡವಾಗಿ ಅವಳ ಮೊದಲ ವರ್ಷ ಖಾಲಿ. ಅವಳು ವಾರವಿಡೀ ನನ್ನೊಟ್ಟಿಗೆ ಮಾತಾಡಲಿಲ್ಲ. ಈಗ ಅರ್ಜಿ ಅವಳೇ ಹಾಕುತ್ತಾಳೆ, ನನಗೆ ಪಾಸ್‌ವರ್ಡ್ ಕೂಡ ಹೇಳುವುದಿಲ್ಲ.

ಪಕ್ಕದ ಮನೆಯ ಅಕ್ಕನಿಗೆ 51. ನಾನು ಸೇರುವಾಗ ಹೆಚ್ಚು ನಕ್ಕವರು ಅವರೇ. ಈ ವರ್ಷ ತಾವೂ ಸೇರುತ್ತಾರಂತೆ. ನಿನ್ನೆ ಬೀಡಿ ಕಟ್ಟುವ ತಡ್ಪೆ (ಮೊರ) ಮಡಿಲಲ್ಲಿಟ್ಟುಕೊಂಡೇ ತಮ್ಮ ಹೆಬ್ಬೆರಳು ತೋರಿಸಿದರು, ನನ್ನದಕ್ಕಿಂತ ನುಣುಪು. ಶನಿವಾರ ರಾತ್ರಿ ಬರಲಿಕ್ಕೆ ಹೇಳಿದ್ದೇನೆ.