ಮನೆಭೇಟಿಗೆ ಹೋದಾಗ ಕೊಟ್ಟಿಗೆಯ ವಿಚಾರವನ್ನೂ ಕೇಳಿ

ಕೌಟುಂಬಿಕ ದೌರ್ಜನ್ಯದ ಪ್ರಕರಣದಲ್ಲಿ ಗಂಡ, ಅತ್ತೆ, ಮಕ್ಕಳು, ಆದಾಯ ಎಲ್ಲವೂ ಕಡತಕ್ಕೆ ಏರುತ್ತವೆ, ಎಮ್ಮೆ ಮಾತ್ರ ಉಳಿದುಬಿಡುತ್ತದೆ. ಮನೆ ಬಿಟ್ಟು ಹೊರಡಲು ಒಪ್ಪಿದ್ದ ಹೆಂಗಸು ಸಂಜೆ ಹಾಲು ಕರೆಯುವ ಹೊತ್ತಿಗೆ ಹಿಂದೆ ಸರಿದರೆ ಸಮಾಜ ಕಾರ್ಯಕರ್ತರಾದ ನಾವು 'ಸಹಕರಿಸುತ್ತಿಲ್ಲ' ಎಂದು ಬರೆದು ಮುಗಿಸುತ್ತೇವೆ.

"ಸಾಕುಪ್ರಾಣಿ ಇದೆಯೇ?" ಎಂದು ಕೇಳಬೇಡಿ. ದನ ಇರುವವರೂ ಇಲ್ಲ ಎನ್ನಬಹುದು; ಆ ಪದ ಅವರ ಕೊಟ್ಟಿಗೆಗೆ ಸೇರಿದ್ದಲ್ಲ. "ದನ-ಕರು, ಕುರಿ, ಕೋಳಿ, ನಾಯಿ ಏನೇನಿದೆ? ಹಾಲು ಕರೆಯೋರು ಯಾರು? ಅದಕ್ಕೆ ಏನಂತ ಕರೀತೀರಿ?" ಎಂದು ಕೇಳಿ. ಕುಟುಂಬದ ನಕ್ಷೆ ಬರೆಯುವಾಗ ಅವನ್ನೂ ಹೆಸರು ಸಮೇತ ಸೇರಿಸಿ. ಇನ್ನೊಂದು ಅನುಕೂಲವಿದೆ: "ಕರು ತೋರಿಸಿ" ಎಂದರೆ ಗಂಡ, ಅತ್ತೆಯ ಕಿವಿಯಿಂದ ಆಚೆ ಐದು ನಿಮಿಷ ಸಿಗುತ್ತದೆ. ಹೊಸದಾಗಿ ಈದ ಹಸುವಿನ ಹತ್ತಿರ, ಯಾವುದೇ ದನದ ಹಿಂದೆ ಮಾತ್ರ ನಿಲ್ಲಬೇಡಿ. ನಾಯಿ ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಸುಣ್ಣ, ಅರಿಸಿನ ಹಚ್ಚಬೇಡಿ.

ಪ್ರಾಣಿಗೆ ಹೊಡೆತ ಬಿದ್ದಿದ್ದರೆ ಘಟನೆಯನ್ನು ಬಿಡಿಸಿ ಕೇಳಿ: ಕೊನೆಯ ಬಾರಿ ಯಾವಾಗ, ಅದಕ್ಕೆ ಮುಂಚೆ ಏನು ಜಗಳ, ಯಾರ ಎದುರಿಗೆ, ಆಗ ಏನು ಹೇಳಿದ? ಉಳುವಾಗ ಎತ್ತಿಗೆ ಬಾರುಕೋಲು ಬೀಸುವವನೆಲ್ಲ ಹೆಂಡತಿಗೆ ಹೊಡೆಯುವವನಲ್ಲ. "ನಾಳೆ ನಿನಗೂ ಇದೇ ಗತಿ" ಎಂದು ಅವಳ ನಾಯಿಯನ್ನು ಅವಳೆದುರೇ ಒದೆಯುವುದು ಬೇರೆ ವಿಷಯ. ಅಮೆರಿಕದ ಯೂಟಾದ ಆಶ್ರಯ ಕೇಂದ್ರವೊಂದರ 38 ಮಹಿಳೆಯರನ್ನು ಕುರಿತು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪ್ರಾಣಿ ಸಾಕಿದ್ದವರ ಪೈಕಿ ಶೇ 71ರಷ್ಟು ಮಂದಿ ಅವುಗಳ ಮೇಲೆ ಬೆದರಿಕೆ ಅಥವಾ ಹಲ್ಲೆ ನಡೆದಿತ್ತು ಎಂದಿದ್ದರು. ಸಣ್ಣ ಅಧ್ಯಯನ. ಪ್ರಶ್ನೆ ಕೇಳಲು ಇಷ್ಟು ಸಾಕು, ನಮ್ಮ ಜಿಲ್ಲೆಗೆ ಆ ಶೇಕಡಾವಾರು ಅಂಟಿಸಲು ಸಾಲದು. ಸಾಕುಪ್ರಾಣಿಯ ಮೇಲಿನ ಒಲವನ್ನು ಅಳೆಯಲು ಸಂಶೋಧನೆ ಮಾಡುವವರು ಬಳಸುವ 23 ಹೇಳಿಕೆಗಳ ಲೆಕ್ಸಿಂಗ್ಟನ್ ಮಾಪಕಕ್ಕೂ ಇದೇ ಮಾತು. ಅದು ಮನೆಯೊಳಗಿನ ನಾಯಿ-ಬೆಕ್ಕನ್ನು ಮನಸ್ಸಲ್ಲಿಟ್ಟು ಮಾಡಿದ್ದು. ಅಕ್ಕರೆಯಿಂದ ಸಾಕಿ ಸಂತೆಯಲ್ಲಿ ಮಾರುವವರ ಮನಸ್ಸು ಅದರ ಅಂಕಗಳಲ್ಲಿ ಸಿಗದು.

ಕೌಟುಂಬಿಕ ಘಟನಾ ವರದಿಯಲ್ಲಿ ಎಲ್ಲಿ ಬರೆಯುತ್ತೀರಿ ಎಂಬುದು ಮುಖ್ಯ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರಿಗೆ ರಕ್ಷಣೆ ಕೊಡುವ 2005ರ ಕಾಯ್ದೆಯಲ್ಲಿ, ಆಕೆಗೆ ಬೇಕಾದ 'ವ್ಯಕ್ತಿ'ಗೆ ನೋವು ಮಾಡುವುದಾಗಿ ಪದೇ ಪದೇ ಹಾಕುವ ಬೆದರಿಕೆ ಭಾವನಾತ್ಮಕ ಹಿಂಸೆ, ಆದರೆ ಹಸು ವ್ಯಕ್ತಿಯಲ್ಲ. ಹಸು ಮಾರಿದ್ದನ್ನು, ಮಾರುತ್ತೇನೆಂದು ಹೆದರಿಸಿದ್ದನ್ನು ಆರ್ಥಿಕ ಹಿಂಸೆಯ ಕೆಳಗೆ ಬರೆಯಿರಿ. ಮಾರದಂತೆ ತಡೆಯಲು ಸೆಕ್ಷನ್ 18ರ ರಕ್ಷಣಾ ಆದೇಶ ಕೇಳಬಹುದು. ಪ್ರಾಣಿಯನ್ನು ಕೊಂದಿದ್ದರೆ, ವಿಷ ಹಾಕಿದ್ದರೆ, ಅಂಗ ಊನ ಮಾಡಿದ್ದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇದೆ, 5 ವರ್ಷದವರೆಗೆ ಸಜೆ.

ಹಸು ಆಕೆಯದೇ ಎನ್ನಲು ಕಾಗದ ಬೇಕು. ಹಸುವಿನ ಕಿವಿಗೆ ಹಾಕಿರುವ ಗುರುತಿನ ಓಲೆಯ 12 ಅಂಕಿಗಳನ್ನು ಬರೆದುಕೊಳ್ಳಿ, ಓಲೆ ಕಾಣುವಂತೆ ಫೋಟೊ ತೆಗೆಯಿರಿ. ವಿಮೆ, ಕೊಂಡ ಚೀಟಿ, ಸಂಘದ ಸಾಲದ ಪುಸ್ತಕ ಯಾರ ಹೆಸರಲ್ಲಿವೆ ನೋಡಿ. ಡೇರಿ ಸದಸ್ಯತ್ವ ಗಂಡನ ಹೆಸರಲ್ಲಿದ್ದರೆ ಹಾಲು ಹಾಕುವವಳು ಇವಳಾದರೂ ಬಟವಾಡೆ ಅವನ ಖಾತೆಗೇ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ತೊಡಕಾಗುವುದು ಇಲ್ಲೇ.

ಹೊರಡುವ ಯೋಜನೆ ಕೊಟ್ಟಿಗೆಯ ಗಡಿಯಾರಕ್ಕೆ ಹೊಂದಬೇಕು. ದೌರ್ಜನ್ಯಕ್ಕೆ ಸಿಕ್ಕ ಮಹಿಳೆಯರಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರದಲ್ಲಿ ಸಾಮಾನ್ಯವಾಗಿ 5 ದಿನ ಇರಬಹುದು, ದನಕ್ಕೆ ಅಲ್ಲಿ ಜಾಗವಿಲ್ಲ. ಬೆಳಗಿನ ಹಾಲು ಕರೆದ ಮೇಲೆ ಹೊರಟರೆ ಸಂಜೆಯವರೆಗೆ ಬಿಡುವು ಸಿಗುತ್ತದೆ. ಅಷ್ಟರೊಳಗೆ ತವರಿನವರೋ ಸ್ವಸಹಾಯ ಸಂಘದ ಒಬ್ಬರೋ ಹೊಣೆ ಹೊರಬೇಕು. ಕರೆಯದೆ ಬಿಟ್ಟರೆ ಕೆಚ್ಚಲು ಬಾವು ಬರುವ ಅಪಾಯವಿದೆ. ಕೆಲವು ಹಸುಗಳು ಹೊಸ ಕೈಗೆ ಹಾಲು ಇಳಿಸುವುದೂ ಇಲ್ಲ. ಹಾಗಾಗಿ ಸಾಧ್ಯವಾದರೆ ಮುಂಚೆಯೇ ಎರಡು-ಮೂರು ದಿನ ಆ ವ್ಯಕ್ತಿ ಜೊತೆಗಿದ್ದು ಕರೆಯಲಿ. ಎಷ್ಟು ಹಿಂಡಿ, ಯಾವ ಮೇವು, ಗಬ್ಬವಾಗಿದ್ದರೆ ಎಷ್ಟನೇ ತಿಂಗಳು ಎಂದು ಒಂದು ಚೀಟಿಯಲ್ಲಿ ಬರೆಸಿ, ಮನೆ ಬಾಗಿಲಿಗೆ ಬರುವ ಪಶು ಚಿಕಿತ್ಸಾ ವಾಹನ 'ಪಶು ಸಂಜೀವಿನಿ'ಯ 1962 ಸಂಖ್ಯೆಯನ್ನೂ ಸೇರಿಸಿ. ನಾಯಿಯಾದರೆ ರೇಬಿಸ್ ಲಸಿಕೆಯ ಪುಸ್ತಕ ಜೊತೆಗಿರಲಿ.

ಮರುದಿನದಿಂದಲೇ ನೋಡಿಕೊಳ್ಳುತ್ತಿರುವವರಿಗೆ ನೀವೇ ಫೋನ್ ಮಾಡಿ, ಮೇವು ತಿಂದಿತೇ, ಎಷ್ಟು ಲೀಟರ್ ಕೊಟ್ಟಿತು ಎಂದು ಕೇಳಿ ಆಕೆಗೆ ತಿಳಿಸಿ. ಇಲ್ಲದಿದ್ದರೆ ಕರು ಕೂಗುವ ವಿಡಿಯೊ ಗಂಡನ ಫೋನಿನಿಂದ ಮೊದಲು ಬರುತ್ತದೆ.