ಬೀದಿದೀಪದ ಪಕ್ಕದಿಂದಲೇ ಕ್ವೇಸಾರ್: ನನ್ನ ಅನುಭವ

"ನಗರದಲ್ಲಿದ್ದರೆ ಚಂದ್ರ, ಗುರು, ಶನಿ ನೋಡಿಕೊಂಡಿರಿ, ಉಳಿದದ್ದಕ್ಕೆ ಊರಾಚೆ ಹೋಗಲೇಬೇಕು" ಎಂದು ನನಗೆ ಉಪದೇಶ ಮಾಡದ ಹವ್ಯಾಸಿ ಇಲ್ಲ. ಆಕಾಶದ ಕತ್ತಲೆಯನ್ನು 1ರಿಂದ 9ರವರೆಗೆ ಅಳೆಯುವ ಬಾರ್ಟಲ್ ಅಳತೆಯಲ್ಲಿ (9 ಅಂದರೆ ಅತಿ ಕೆಟ್ಟದ್ದು) ನಮ್ಮ ತಾರಸಿ 8, ಧೂಳಿದ್ದ ದಿನ 9. ಸಪ್ತರ್ಷಿ ಮಂಡಲದ ಏಳರಲ್ಲಿ ಅತಿ ಮಂಕಾದ ಅತ್ರಿ ಬರಿಗಣ್ಣಿಗೆ ಕಂಡರೆ ಅವತ್ತು ಒಳ್ಳೆಯ ರಾತ್ರಿ ಅಂತ ನಮ್ಮ ಲೆಕ್ಕ. ಅದೇ ತಾರಸಿಯಿಂದ, ಎಂಟು ಇಂಚಿನ ಡಾಬ್‌ನಲ್ಲಿ (ಡಾಬ್ಸೋನಿಯನ್, ಸರಳ ಬುಡದ ಮೇಲೆ ಕೈಯಲ್ಲೇ ತಿರುಗಿಸುವ ಕನ್ನಡಿ ಟೆಲಿಸ್ಕೋಪ್), 3ಸಿ 273 ಎಂಬ ಕ್ವೇಸಾರನ್ನು, ಅಂದರೆ ಬಹುದೂರದ ಗೆಲಾಕ್ಸಿಯೊಂದರ ಧಗಧಗಿಸುವ ನಡುವನ್ನು, ನೋಡಿದ್ದೇನೆ. ಕ್ಯಾಮೆರಾ ಇಲ್ಲ, ಹಲವು ಚಿತ್ರ ಒಂದರ ಮೇಲೊಂದು ಸೇರಿಸುವ ಸ್ಟ್ಯಾಕಿಂಗ್ ಇಲ್ಲ, ಕಣ್ಣಿನಲ್ಲೇ. ನಂಬದವರು ಬಹಳ ಜನ ಇರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ದುಡ್ಡು ಹೋದ ದಾರಿ ಹೇಳಿಬಿಡುತ್ತೇನೆ. ಬೆಳಕಿನ ಮಾಲಿನ್ಯ ತಡೆಯುತ್ತದೆ ಎನ್ನುವ ಬ್ರಾಡ್‌ಬ್ಯಾಂಡ್ ಫಿಲ್ಟರ್ ಒಂದು ಬಂತು. ಅದು ಸೋಡಿಯಂ, ಪಾದರಸದ ದೀಪಗಳ ಕಾಲದ್ದು. ಆ ದೀಪಗಳು ಬೆಳಗುವ ತರಂಗಾಂತರಗಳಲ್ಲಿ, ಅಂದರೆ 589 ನ್ಯಾನೋಮೀಟರ್ ಸುತ್ತಮುತ್ತ, 546, 436ರಲ್ಲಿ, ಕತ್ತರಿಸಿದರೆ ಅರ್ಧ ಗೆದ್ದಂತೆ ಎನ್ನುವ ಲೆಕ್ಕಾಚಾರ. ನಮ್ಮ ಬೀದಿಗೆ ಎಲ್‌ಇಡಿ ಬಂದ ಮೇಲೆ ಬೆಳಕು ರೋಹಿತದ ಉದ್ದಕ್ಕೂ ಹರಡಿಕೊಂಡಿತು, ಫಿಲ್ಟರ್ ಆಕಾಶವನ್ನೂ ನಕ್ಷತ್ರವನ್ನೂ ಸಮನಾಗಿ ಮಂಕು ಮಾಡಿಕೊಟ್ಟಿತು. ಅದಕ್ಕೆ ಹಾಕಿದ್ದು ನೀರಿನಲ್ಲಿ ಹೋಮ. ಆಮೇಲೆ ಓ-3 ಫಿಲ್ಟರ್, ಟೆಲಿಸ್ಕೋಪಿನ ಬೆಲೆಯ ಕಾಲು ಭಾಗದ ಹತ್ತಿರ ಆಯಿತು. ಇದನ್ನು ಮಾತ್ರ ಬೈಯುವ ಹಾಗಿಲ್ಲ. ಆಮ್ಲಜನಕದ 496 ಮತ್ತು 501 ನ್ಯಾನೋಮೀಟರಿನ ಗೆರೆಗಳನ್ನಷ್ಟೇ ಒಳಗೆ ಬಿಡುತ್ತದೆ, ಗ್ರಹೀಯ ನೀಹಾರಿಕೆಗಳಿಗೆ (ಸಾಯುವ ನಕ್ಷತ್ರ ಕಳಚಿದ ಅನಿಲದ ಚಿಪ್ಪು) ಅದರಷ್ಟು ಉಪಕಾರಿ ಇನ್ನೊಂದಿಲ್ಲ. ಆದರೆ ಗೆಲಾಕ್ಸಿಗೂ ನಕ್ಷತ್ರಗುಚ್ಛಗಳಿಗೂ ನಯಾಪೈಸೆ ಪ್ರಯೋಜನ ಇಲ್ಲ. ಮೂರನೆಯದು ಗೋ-ಟು ಮೌಂಟ್, ಟೆಲಿಸ್ಕೋಪನ್ನು ತಾನೇ ವಸ್ತುವಿನತ್ತ ತಿರುಗಿಸುವ ಮೋಟಾರು ಪೀಠ. ಅದು ದಿಕ್ಕು ಹೊಂದಿಸಿಕೊಳ್ಳಲು (ಅಲೈನ್‌ಮೆಂಟ್) ಕೇಳುವ ನಕ್ಷತ್ರ ಸದಾ ಎದುರು ಕಟ್ಟಡದ ಹಿಂದೆಯೇ ಇರುತ್ತಿತ್ತು. ಕೊಂಡದ್ದರ ಅರ್ಧ ಬೆಲೆಗೆ ಮಾರಿದೆ. ಇನ್ನು ಅಮಾವಾಸ್ಯೆಗೊಮ್ಮೆ ಕತ್ತಲ ಜಾಗ ಹುಡುಕಿಕೊಂಡು ಹೋಗಿ, ಮೋಡ ನೋಡಿಕೊಂಡು ಬಂದ ಪ್ರಯಾಣದ ಖರ್ಚು ಬರೆದಿಟ್ಟಿಲ್ಲ. ಬರೆದಿಡದಿರುವುದೇ ಒಳ್ಳೆಯದು.

ಕೊನೆಗೆ ಕೆಲಸ ಮಾಡಿದ ಏರ್ಪಾಟಿಗೆ ಒಂದು ಮಧ್ಯಮ ಐಪೀಸಿನ (ಕಣ್ಣಿಡುವ ಮಸೂರ) ಬೆಲೆಯಷ್ಟೂ ಆಗಲಿಲ್ಲ.

ನಗರದಲ್ಲಿ ಅರ್ಧ ಸಮಸ್ಯೆ ಕಾಣುವುದಲ್ಲ, ತಲುಪುವುದು. ಕೆಂಪು ಚುಕ್ಕೆ ತೋರಿಸಿ ಗುರಿ ಹಿಡಿಸುವ ರೆಡ್ ಡಾಟ್ ಫೈಂಡರ್ ಇಟ್ಟುಕೊಂಡು ಏನು ಮಾಡುವುದು, ಗುರಿ ಇಡಲು ಬರಿಗಣ್ಣಿಗೆ ನಕ್ಷತ್ರವೇ ಇಲ್ಲದಿದ್ದರೆ? ಅದಕ್ಕೆ ಡಾಬ್‌ನ ಬುಡಕ್ಕೆ 360 ಡಿಗ್ರಿಯ ವೃತ್ತ ಮುದ್ರಿಸಿ ಅಂಟಿಸಿದೆ. ಕೊಳವೆಯ ಮೇಲೆ ಬಡಗಿಗಳು ಬಳಸುವ ಡಿಜಿಟಲ್ ಆಂಗಲ್ ಗೇಜ್, ಅಡಿಯಲ್ಲಿ ಅಯಸ್ಕಾಂತ ಇರುವಂಥದ್ದು. ಫೋನಿನಲ್ಲಿ ವಸ್ತುವಿನ ಆ ಕ್ಷಣದ ಉನ್ನತಿ (ದಿಗಂತದಿಂದ ಎತ್ತರ), ದಿಗಂಶ (ದಿಕ್ಕಿನ ಕೋನ) ನೋಡಿಕೊಂಡು ಎರಡನ್ನೂ ಹೊಂದಿಸಿದರೆ 25 ಮಿ.ಮೀ. ಐಪೀಸಿನ ಸುಮಾರು ಒಂದು ಡಿಗ್ರಿ ನೋಟದೊಳಗೆ ವಸ್ತು ಬಂದು ಕೂತಿರುತ್ತದೆ. ಬುಡ ಸಮತಟ್ಟಾಗಿರಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಒಂದು ಕಾಲಿನ ಕೆಳಗೆ ತೆಳು ರಟ್ಟು ಕಡಿಮೆಯಾದರೂ ಆಕಾಶದ ಆಚೆ ಮಗ್ಗುಲಲ್ಲಿ ಅರ್ಧ ಡಿಗ್ರಿ ಎಡವುತ್ತದೆ. ಅಭಿಜಿತ್, ಚಿತ್ತಾದಂಥ ಪ್ರಕಾಶಮಾನ ನಕ್ಷತ್ರದ ಮೇಲೆ ವೃತ್ತದ ಸೊನ್ನೆ ಸರಿಪಡಿಸಿಕೊಳ್ಳುವುದು ಎಲ್ಲರಿಗೂ ಗೊತ್ತು. ನಾನು ಅದನ್ನು ಒಂದೇ ನಕ್ಷತ್ರದಲ್ಲಿ ಮುಗಿಸುವ ಉಪಾಯ ಬೇರೆ ಇದೆ, ಸದ್ಯ ನನ್ನ ಹತ್ತಿರವೇ ಇರಲಿ.

ಎರಡನೆಯದು ಕೊಳವೆ. ಡಾಬ್‌ನಂಥ ನ್ಯೂಟೋನಿಯನ್ (ಕನ್ನಡಿ) ಟೆಲಿಸ್ಕೋಪಿನಲ್ಲಿ ಫೋಕಸರ್, ಅಂದರೆ ಐಪೀಸ್ ಕೂರುವ ಜಾಗ, ಕೊಳವೆಯ ಬಾಯಿಯ ಹತ್ತಿರವೇ ಇರುವುದರಿಂದ, ಬೀದಿದೀಪದ ಬೆಳಕು ಎದುರು ಗೋಡೆಗೆ ಬಡಿದು ನೇರ ಐಪೀಸಿಗೆ ಬರುತ್ತದೆ. ಐಪೀಸ್ ತೆಗೆದು ಆ ತೂತಿನಲ್ಲಿ ಕಣ್ಣಿಟ್ಟು ನೋಡಿ, ಕಪ್ಪು ಬಣ್ಣ ಅಂದುಕೊಂಡಿದ್ದು ಬೂದುಬಣ್ಣಕ್ಕೆ ಹೊಳೆಯುತ್ತಿರುತ್ತದೆ. ಅಲ್ಲಿಗೆ ಕಪ್ಪು ವೆಲ್ವೆಟ್ ಕಾಗದ ಅಂಟಿಸಿದೆ. ಬಾಯಿಗೆ ಹಳೆಯ ಯೋಗಾ ಮ್ಯಾಟ್ ಸುತ್ತಿ, ಕೊಳವೆಯ ವ್ಯಾಸದ ಒಂದೂವರೆ ಪಟ್ಟಿನಷ್ಟು ಉದ್ದಕ್ಕೆ ಮುಂದೆ ಚಾಚಿಸಿದೆ. ಮುಂಭಾರವಾಗಿ ಕೊಳವೆ ತಲೆ ತಗ್ಗಿಸತೊಡಗಿತು, ಬಾಲಕ್ಕೆ ಹಳೆಯ ಸ್ಪೀಕರ್ ಅಯಸ್ಕಾಂತಗಳನ್ನು ಅಂಟಿಸಿ ಸರಿದೂಗಿಸಿದೆ.

ಮೂರನೆಯದು ಮುಸುಕು, ಅಂದರೆ ನೋಡುವಾಗ ತಲೆಗೂ ಐಪೀಸಿಗೂ ಹೊದೆಯುವ ಕಪ್ಪು ಬಟ್ಟೆ. ಇದಕ್ಕೆ ಮನೆಯವರಿಂದ ಹಿಡಿದು ನೆರೆಯವರವರೆಗೆ ಎಲ್ಲರೂ ನಕ್ಕಿದ್ದಾರೆ, ನಗಲಿ. ಬಟ್ಟೆ ಕೊಳ್ಳುವಾಗ ಅಂಗಡಿಯಲ್ಲೇ ಅದರ ಹಿಂದೆ ಫೋನ್ ಟಾರ್ಚ್ ಹಚ್ಚಿ ನೋಡಿ. ಸೂಜಿಮೊನೆಯಷ್ಟು ಬೆಳಕು ಸೋರಿದರೂ ಬೇಡ. ನೈಲಾನ್ ಸೆಕೆ, ಸರಭರ ಸದ್ದು. ದಪ್ಪ ಕಪ್ಪು ಹತ್ತಿ ಬಟ್ಟೆ, ಎರಡು ಪದರ, ಭುಜ ದಾಟಿ ಇಳಿಯಬೇಕು. ಅದರೊಳಗೆ ಇಪ್ಪತ್ತು ನಿಮಿಷ ತಲೆ ಹುದುಗಿಸಿ ಕೂತ ಮೇಲೆ ಐಪೀಸಿನ ಅಂಚು, ಅಂದರೆ ಫೀಲ್ಡ್ ಸ್ಟಾಪ್, ಸ್ಪಷ್ಟವಾಗಿ ಕಾಣತೊಡಗುತ್ತದೆ. ಅದು ಕಂಡಿತೆಂದರೆ ಕಣ್ಣು ಹೊಂದಿಕೊಂಡಿದೆ, ಈಗ ಅಡ್ಡಿ ಆಕಾಶದ ಬೆಳಕಿನದ್ದು ಮಾತ್ರ. ಉಸಿರಿನಿಂದ ಐಪೀಸ್ ಮಂಜಾಗುವುದಕ್ಕೂ ನನ್ನ ಹತ್ತಿರ ಮದ್ದಿದೆ. ಅದನ್ನು ಕೇಳಿದವರೆಲ್ಲ ಮೊದಲು ಮುಸುಕು ಹೊಲಿಸಿಕೊಂಡು ಬರಲಿ.

ಇಷ್ಟಾದ ಮೇಲೆ ವರ್ಧನೆ. "ನಗರದಲ್ಲಿ ಕಡಿಮೆ ಪವರ್ ಸಾಕು" ಎನ್ನುವವರ ಜೊತೆ ನನ್ನ ಜಗಳ ಇನ್ನೂ ಮುಗಿದಿಲ್ಲ. ನನ್ನ ಡಾಬ್ 1200 ಮಿ.ಮೀ. ನಾಭಿದೂರದ್ದು. 25 ಮಿ.ಮೀ. ಐಪೀಸಿನಲ್ಲಿ 48 ಪಟ್ಟು, ಆಕಾಶ ಹಾಲು ಕದಡಿದ ಬೂದು. 6 ಮಿ.ಮೀ. ಹಾಕಿದರೆ 200 ಪಟ್ಟು, ಹಿನ್ನೆಲೆ ಹತ್ತಿರ ಹತ್ತಿರ 17 ಪಟ್ಟು ಕಪ್ಪಾಗುತ್ತದೆ. ನಕ್ಷತ್ರ ಬಿಂದುವಾದ್ದರಿಂದ ಅದರ ಬೆಳಕು ಹಾಗೆಯೇ ಉಳಿಯುತ್ತದೆ. ನೀಹಾರಿಕೆಯೂ ಹಿನ್ನೆಲೆಯಷ್ಟೇ ಮಂಕಾಗುತ್ತದೆ, ನಿಜ, ಆದರೆ ದೊಡ್ಡದಾಗಿ ಕಾಣುವುದರಿಂದ ಕಣ್ಣು ಹಿಡಿದುಕೊಳ್ಳುತ್ತದೆ. ವೀಣಾ ಮಂಡಲದ ಗ್ರಹೀಯ ನೀಹಾರಿಕೆ ಎಂ57 ಹೀಗೇ 120ರಲ್ಲಿ ಉಂಗುರವಾಗಿ ತೆರೆದುಕೊಂಡಿತು. ಎಂ13 ಎಂಬ ನಕ್ಷತ್ರಗುಚ್ಛದ ಅಂಚಿನ ನಕ್ಷತ್ರಗಳು 200ರಲ್ಲಿ ಒಂದೊಂದಾಗಿ ಬಿಡಿಸಿಕೊಂಡವು. 48ರಲ್ಲಿ ಅದು ಬರೀ ಒರೆಸಿದ ಸುಣ್ಣದ ಕಲೆ.

ಹೊತ್ತು ಮಧ್ಯರಾತ್ರಿಯ ಮೇಲೆ, ಜಾಗ ನೆತ್ತಿಯ ಸುತ್ತಮುತ್ತ. 30 ಡಿಗ್ರಿ ಎತ್ತರದಲ್ಲಿ ನೆತ್ತಿಗಿಂತ ಎರಡು ಪಟ್ಟು ಗಾಳಿಯ ಮೂಲಕ ನೋಡಬೇಕು, ಅದರ ಕೆಳಗೆ ನಾನು ಕೊಳವೆ ಇಳಿಸುವುದೇ ಇಲ್ಲ. ಮಳೆ ಬಂದು ಧೂಳು ತೊಳೆದ ಮಾರನೆಯ ರಾತ್ರಿ ಸಿಕ್ಕರೆ ಆಫೀಸಿಗೆ ರಜೆ ಹಾಕಿಯಾದರೂ ಕೂರುತ್ತೇನೆ.

ಈಗ 3ಸಿ 273. ಕಾಂತಿಮಾನ (ಹೊಳಪಿನ ಅಳತೆ, ಅಂಕ ಹೆಚ್ಚಿದಷ್ಟೂ ಮಂಕು) ಸುಮಾರು 12.9. 1963ರಲ್ಲಿ ಖಗೋಳವಿಜ್ಞಾನಿ ಮಾರ್ಟೆನ್ ಸ್ಮಿತ್ ಇದರ ರೋಹಿತ ಬಿಡಿಸಿದಾಗಲೇ ಅದು ನಮ್ಮ ಗೆಲಾಕ್ಸಿಯ ನಕ್ಷತ್ರವಲ್ಲ ಎಂದು ತಿಳಿದದ್ದು. ಅದರ ಬೆಳಕು ಹೊರಟು 200 ಕೋಟಿ ವರ್ಷಕ್ಕೂ ಹೆಚ್ಚಾಯಿತು. ಗೆಲಾಕ್ಸಿಗಳೇ ಸರಿಯಾಗಿ ಕಾಣದ ಆಕಾಶದಲ್ಲಿ ಇದು ಹೇಗೆ ಎಂದರೆ, ಇದು ಬಿಂದು. ಮೇಲೆ ಹೇಳಿದ ಲೆಕ್ಕ ಪೂರ್ತಿ ಇದರ ಪರವಾಗಿದೆ. ಕನ್ಯಾರಾಶಿಯ ಈಟಾ ನಕ್ಷತ್ರದಿಂದ ಈಶಾನ್ಯಕ್ಕೆ ಮೂರೂವರೆ ಡಿಗ್ರಿ. ಎರಡು ಋತು ಬರಿಗೈಯಲ್ಲಿ ಇಳಿದು ಬಂದಿದ್ದೇನೆ, ಒಮ್ಮೆ ಗಾಳಿ ಕದಡಿ, ಒಮ್ಮೆ ಎದುರು ತಾರಸಿಯ ಫ್ಲಡ್‌ಲೈಟ್ ಹತ್ತಿ. ಕಂಡ ರಾತ್ರಿ 200 ಪಟ್ಟಿನಲ್ಲಿ, ಓರೆಗಣ್ಣಿಗೆ, ಹತ್ತು ಸೆಕೆಂಡಿಗೊಮ್ಮೆ ಚುಚ್ಚಿ ಮರೆಯಾಗುತ್ತಿತ್ತು. ನಕ್ಷೆ ನೋಡದೆ ಕಂಡ ಚುಕ್ಕೆಗಳನ್ನೆಲ್ಲ ಕಾಗದದಲ್ಲಿ ಗುರುತು ಹಾಕಿ, ಕೆಳಗೆ ಬಂದ ಮೇಲೆ ಹೋಲಿಸಿದೆ. ಅದೇ ಜಾಗ. ಎಲ್ಲರಿಗಿಂತ ಹೆಚ್ಚು ಗೇಲಿ ಮಾಡಿದ್ದ ಗೆಳೆಯನನ್ನು ಮುಂದಿನ ವಾರ ಕೂರಿಸಿ, ಎಲ್ಲಿದೆ ಎಂದು ಹೇಳದೆ ಚುಕ್ಕೆ ಬರೆಯಲು ಹೇಳಿದೆ. ಬರೆದು ಕೊಟ್ಟು, "ಇದರಲ್ಲಿ ಯಾವುದಯ್ಯಾ ನಿನ್ನದು?" ಅಂದ. ತೋರಿಸಿದೆ. ಆಮೇಲೆ ಅವನೂ ಬಟ್ಟೆ ಅಂಗಡಿಗೆ ಹೋದ.

ನಡುವೆ ಮಾಡಿದ ಅಡ್ಡ ಪ್ರಯೋಗಗಳೂ ಇವೆ. ಸಂಜೆ ತಾರಸಿಗೆ ನೀರು ಸುರಿದು ಕಾಂಕ್ರೀಟ್ ತಣಿಸಿದೆ. ಶನಿಯ ಉಂಗುರದ ನಡುವಿನ ಕಪ್ಪು ಸಂದು, ಕ್ಯಾಸಿನಿ ಗೆರೆ, ಅಲುಗಾಡದೆ ನಿಂತಿತು, ಆದರೆ ಗಂಟೆಯೊಳಗೆ ಕನ್ನಡಿಯ ಮೇಲೆ ಇಬ್ಬನಿ. ಕತ್ತಲಿಗೆ ಮೊದಲೇ ಹೊಂದಿಕೊಳ್ಳಲಿ ಎಂದು ಐಪೀಸಿಗೆ ಇಡುವ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಸಂಜೆಯಿಂದ ಓಡಾಡಿದ್ದೂ ಆಯಿತು. ಉಪಯೋಗವಿದೆ, ಮೆಟ್ಟಿಲು ಹುಷಾರು. ಹೊಳಪು ಏರಿಳಿಯುವ ನಕ್ಷತ್ರ ಅಲ್ಗಾಲ್‌ಗೆ ಟೆಲಿಸ್ಕೋಪೇ ಬೇಡ. 2.87 ದಿನಕ್ಕೊಮ್ಮೆ ಅದರ ಕಾಂತಿಮಾನ 2.1ರಿಂದ 3.4ಕ್ಕೆ ಇಳಿಯುವುದನ್ನು ಅಕ್ಕಪಕ್ಕದ ನಕ್ಷತ್ರಗಳಿಗೆ ಹೋಲಿಸಿ ನಾನು ತೆಗೆದ ಕನಿಷ್ಠದ ಹೊತ್ತು ಕಾಲು ಗಂಟೆಯ ಆಚೀಚೆ ಸರಿಯಾಗಿಯೇ ಬಂತು. 2020ರ ಆರಂಭದಲ್ಲಿ ಆರ್ದ್ರಾ ಮಂಕಾಗಿ ಪಕ್ಕದ ನಕ್ಷತ್ರ ಬೆಲ್ಲಾಟ್ರಿಕ್ಸ್ ಮಟ್ಟಕ್ಕೆ ಇಳಿದದ್ದನ್ನೂ ಇದೇ ಹಾಳು ಆಕಾಶದಲ್ಲಿ ಬರಿಗಣ್ಣಿನಿಂದ ಹಿಂಬಾಲಿಸಿದೆ.

ಕೈಗೆ ಸಿಗದ ಪಟ್ಟಿ ಉದ್ದ ಇದೆ. ಎಲ್ಲವೂ ಗೆಲಾಕ್ಸಿಗಳೇ. ಎಂ31ರಲ್ಲಿ ನಡುವಿನ ಉಂಡೆ ಮಾತ್ರ. ಎಂ51ರಲ್ಲಿ ಎರಡು ಮಸುಕು ಚುಕ್ಕೆ, ಸುರುಳಿಯ ಸುಳಿವೇ ಇಲ್ಲ. ಎಂ33, ಎಂ101ಗಳ ಮುಂದೆ ವರ್ಧನೆ, ಮುಸುಕು ಯಾವುದರ ಆಟವೂ ನಡೆಯಲಿಲ್ಲ. ಬಾರ್ಟಲ್ 8ರಿಂದ ಎಂ101ನ್ನು ಕಣ್ಣಲ್ಲೇ ನೋಡಿದವರಿದ್ದರೆ ಎಷ್ಟು ಇಂಚು, ಎಷ್ಟು ಪಟ್ಟು ಎಂದು ತಿಳಿಸಿ. ಮಂಜಿನ ಮದ್ದನ್ನು ಅವರಿಗೆ ಮಾತ್ರ ಹೇಳುತ್ತೇನೆ.